ಬಾಡಿಗೆ ಫಾರ್ಚುನರೋ, ಬಾಡಿಗೆ ಕ್ರಿಸ್ಟಾನೋ? ಎರಡರಲ್ಲೂ ಕರಾವಳಿಗೆ ಹೋಗಿ ಬಂದ ಲೆಕ್ಕ

ವಿಜಯಪುರದಿಂದ ಹೆದ್ದಾರಿ 52 ಹಿಡಿದು ದಕ್ಷಿಣಕ್ಕೆ ಹೊರಟರೆ ಕೊಲ್ಹಾರ, ಗದ್ದನಕೇರಿ ಕ್ರಾಸ್, ಕೆರೂರು, ನರಗುಂದ, ನವಲಗುಂದ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಸೀದಾ ಅಂಕೋಲಾಕ್ಕೆ ತಲುಪುತ್ತೀರಿ. ಈ ದಾರಿಯಲ್ಲಿ ನಾನು ಎರಡು ಸಲ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗಿದ್ದೇನೆ. 2023ರ ಡಿಸೆಂಬರಿನಲ್ಲಿ ಡ್ರೈವರ್ ಸಮೇತ ಇನ್ನೋವಾ ಕ್ರಿಸ್ಟಾ. 2025ರ ಜನವರಿಯಲ್ಲಿ ನಾನೇ ಓಡಿಸಿಕೊಂಡು ಹೋದ ಫಾರ್ಚುನರ್. ಎರಡು ಸಲವೂ ಅದೇ ಏಳು ಮಂದಿ: ಅವ್ವ, ಕಾಕಾ, ಚಿಗವ್ವ, ನಾನು, ಹೆಂಡತಿ, ಇಬ್ಬರು ಮಕ್ಕಳು. ಅದೇ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಅದೇ ಗೋಕರ್ಣ, ಮುರುಡೇಶ್ವರ, ಉಡುಪಿ, ವಾಪಸ್ ಬರುವಾಗ ಜೋಗ. ಹಾಗಾಗಿ ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೆ ಅವಕಾಶ ನನಗಂತೂ ಸಿಗಲ್ಲ.

ಮೊದಲು ಒಂದು ವಿಷಯ. ಈ ಎರಡು ಗಾಡಿ ದೂರದವಲ್ಲ, ಒಂದೇ ಮನೆಯ ಅಣ್ಣತಮ್ಮಂದಿರು. ಎರಡೂ ಬಿಡದಿಯ ಟೊಯೋಟಾ ಫ್ಯಾಕ್ಟರಿಯಲ್ಲಿ ತಯಾರಾಗುತ್ತವೆ. ಎರಡಕ್ಕೂ ಲಾರಿಗೆ ಇರೋ ಹಾಗೆ ಕೆಳಗೆ ಚಾಸಿ, ಅದರ ಮೇಲೆ ಬಾಡಿ. ನಾನು ತಗೊಂಡ ಎರಡೂ ಡೀಸೆಲ್. ಉದ್ದದಲ್ಲಿ ಫಾರ್ಚುನರ್ 4,795 ಮಿಲಿಮೀಟರ್, ಕ್ರಿಸ್ಟಾ 4,735. ಬರೀ ಆರು ಸೆಂಟಿಮೀಟರ್ ಹೆಚ್ಚುಕಮ್ಮಿ! ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ನೋಡಿದರೆ ಕ್ರಿಸ್ಟಾದ್ದೇ 5 ಮಿಲಿಮೀಟರ್ ಜಾಸ್ತಿ. ರಸ್ತೆಯಲ್ಲಿ ನಿಂತು ನೋಡೋರಿಗೆ ಒಂದು ಆನೆ, ಇನ್ನೊಂದು ಎಮ್ಮೆ ಅನ್ನಿಸುತ್ತೆ. ಅಳತೆಪಟ್ಟಿಗೆ ಹಾಗೇನೂ ಅನ್ನಿಸಲ್ಲ.

ಹಾಗಾದರೆ ಫಾರ್ಚುನರಿನ ದೊಡ್ಡತನ ಎಲ್ಲಿದೆ? ಎತ್ತರದಲ್ಲಿ. ಅದು ಗೊತ್ತಾಗಿದ್ದು ಹೊರಡುವ ದಿನ ಬೆಳಗ್ಗೆ ನಾಲ್ಕೂವರೆಗೆ, ನಮ್ಮ ಮನೆ ಮುಂದೆಯೇ. ಅವ್ವನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು, ಮೇಲೆ ಇಳಕಲ್ ಸೀರೆ. ಫುಟ್‌ಬೋರ್ಡ್ ಮೇಲೆ ಒಂದು ಕಾಲು ಇಟ್ಟು, ಹಿಡಿಕೆ ಹಿಡಿದು, ಅಲ್ಲೇ ನಿಂತಳು. "ಯಪ್ಪಾ, ಮಾಳಿಗಿ ಏರಿದಂಗ ಆತಲ್ಲೋ ಇದು" ಅಂದಳು. ಕಾಕಾ ಒಳಗೆ ಹೋಗಿ ಅಡುಗೆಮನೆಯ ಮಣೆ ತಂದ. ಆ ಮಣೆ ಮುಂದೆ ನಾಲ್ಕು ದಿನ ನಮ್ಮ ಜೊತೆಗೇ ಇತ್ತು. ಚಹಾ ಕುಡಿಯೋಕೆ ನಿಂತರೆ ಮಣೆ, ದೇವಸ್ಥಾನ ಬಂದರೆ ಮಣೆ. ಎರಡನೇ ದಿನಕ್ಕೆ ಅವ್ವ ಬೇಸತ್ತು, ಮುರುಡೇಶ್ವರದ 123 ಅಡಿಯ ಶಿವನಿಗೆ ಸೀಟಿನಲ್ಲಿ ಕುಳಿತೇ ಕೈ ಮುಗಿದು "ಇಲ್ಲಿಂದನ ಚಂದ ಕಾಣ್ತಾನ ಬಿಡು" ಅಂದುಬಿಟ್ಟಳು. ಕ್ರಿಸ್ಟಾದಲ್ಲಿ ಹೋದಾಗ ಇದೇ ಅವ್ವ ಎಲ್ಲರಿಗಿಂತ ಮೊದಲು ಇಳಿದು ನಮಗಾಗಿ ಕಾಯ್ತಿದ್ದಳು. ಮನೆಯಲ್ಲಿ ವಯಸ್ಸಾದವರಿದ್ದರೆ ಮುಂದಿನದನ್ನು ಓದೋ ಅಗತ್ಯವೇ ಇಲ್ಲ, ಕ್ರಿಸ್ಟಾ ತಗೊಳ್ಳಿ.

ಆದರೆ ಓಡಿಸೋ ಸುಖ ಅಂತ ಬಂದರೆ ಮಾತು ಬೇರೆ. ಜನವರಿ ಅಂದರೆ ನಮ್ಮ ಕಡೆ ಕಬ್ಬು ನುರಿಸುವ ಹಂಗಾಮು. ಕೊಲ್ಹಾರದ ಸೇತುವೆ ಇಳಿದ ಮೇಲೆ ಕತ್ತಲಲ್ಲಿ ಒಂದರ ಹಿಂದೆ ಒಂದು ಟ್ರ್ಯಾಕ್ಟರ್, ಪ್ರತಿಯೊಂದಕ್ಕೂ ಎರಡೆರಡು ಟ್ರೇಲರ್, ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಮುಂದೆ ಮಾತ್ರ ಊರಿಗೇ ಕೇಳೋ ಹಾಗೆ ಹಾಡು. ಎದುರಿನಿಂದ ಲಾರಿ. ಇಂಥ ಕಡೆ ಓವರ್‌ಟೇಕ್ ಮಾಡೋಕೆ ಎರಡು ಬೇಕು: ದೂರ ಕಾಣಬೇಕು, ಕಾಲು ಒತ್ತಿದ ತಕ್ಷಣ ಗಾಡಿ ಎಳೀಬೇಕು. ಫಾರ್ಚುನರಿನ 2.8 ಲೀಟರ್ ಎಂಜಿನ್ನಿಗೆ 204 ಎಚ್‌ಪಿ, ಆಟೋಮ್ಯಾಟಿಕ್ ಗೇರಿನ ಗಾಡಿಯಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯೋ ಬಲ. ಕ್ರಿಸ್ಟಾದ 2.4 ಲೀಟರಿಗೆ 150 ಮತ್ತು 343. ಅಂಕಿ ನೋಡಿ ನಾನು ಸುಮ್ನೆ ತಲೆ ಆಡಿಸಿದ್ದೆ, ಅಷ್ಟೆ. ಎರಡು ಟ್ರೇಲರ್ ಪಕ್ಕದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿ ಹೋದಾಗಲೇ ಅರ್ಥ ಆಗಿದ್ದು. ಅದೇ ಜಾಗದಲ್ಲಿ ಕ್ರಿಸ್ಟಾದ ಡ್ರೈವರಣ್ಣ ಒಂದು ಗೇರ್ ಇಳಿಸಿ, ಕಾದು, ಮತ್ತೆ ಕಾದು, ಹಾರ್ನ್ ಹೊಡೆದು ದಾಟಿಸಿದ್ದು ನೆನಪಿದೆ. ಹೆದರಿಕೆ ಏನೂ ಆಗಿರಲಿಲ್ಲ. ಸ್ವಲ್ಪ ತಡ ಆಗಿತ್ತು, ಅಷ್ಟೇ.

ಯಲ್ಲಾಪುರ ದಾಟಿದ ಮೇಲಿನ ಅರಬೈಲ್ ಘಟ್ಟದಲ್ಲೂ, ವಾಪಸ್ ಬರುವಾಗ ಗೇರುಸೊಪ್ಪೆಯಿಂದ ಜೋಗದ ಕಡೆ ಹತ್ತುವಾಗಲೂ ಇದೇ ಕಥೆ. ಫಾರ್ಚುನರಿಗೆ ಘಟ್ಟ ಇದೆ ಅಂತಲೇ ಗೊತ್ತಾಗಲ್ಲ. ಮಗ ಮಾತ್ರ ಎರಡು ಗಾಡಿಯಲ್ಲೂ ಅರಬೈಲಿನಲ್ಲಿ ವಾಂತಿ ಮಾಡಿಕೊಂಡ. ಅದರಲ್ಲಿ ಇಬ್ಬರಿಗೂ ಸಮಪಾಲು.

ನರಗುಂದ, ನವಲಗುಂದದ ಎರೆ ನೆಲದ ರಸ್ತೆ ಬಗ್ಗೆ ಹೇಳಲೇಬೇಕು. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತೆ. ಮೇಲೆ ಎಷ್ಟು ಡಾಂಬರು ಹಾಕಿದರೂ ಕೆಳಗಿನ ನೆಲ ಸುಮ್ಮನಿರಲ್ಲ, ಅದಕ್ಕೇ ಕೆಲವು ಕಡೆ ರಸ್ತೆ ತೆರೆ ತೆರೆಯಾಗಿರುತ್ತೆ. ಅಲ್ಲಿ ಫಾರ್ಚುನರ್ ಎತ್ತರದ ಗಾಡಿ ಅನ್ನೋದು ಚೆನ್ನಾಗಿ ಗೊತ್ತಾಗುತ್ತೆ. ಸ್ಟಿಯರಿಂಗ್ ಹಿಡಿದವನಿಗೆ ಅದು ಕುದುರೆ ಸವಾರಿಯ ಮಜಾ. ಹಿಂದೆ ಕೂತವರಿಗೆ ಎತ್ತಿನ ಗಾಡಿ. ನಾನು ಇದನ್ನು ಒಪ್ಪಿರಲಿಲ್ಲ. ಮೂರನೇ ದಿನ ಹೆಂಡತಿ "ನಾ ಒಂದಿಷ್ಟು ಹೊಡೀತೀನಿ, ನೀವು ಹಿಂದ ಕೂಡ್ರಿ" ಅಂದಳು. ಭಟ್ಕಳದಿಂದ ಹೊನ್ನಾವರದವರೆಗೆ ಕಡೆಯ ಸೀಟಿನಲ್ಲಿ ಕೂತೆ. ಗಾಡಿಯ ತಳವೇ ಎತ್ತರ, ಸೀಟು ಮಾತ್ರ ಗಿಡ್ಡ, ಹಾಗಾಗಿ ಮೊಣಕಾಲು ಎದೆ ಹತ್ತಿರಕ್ಕೆ ಬಂತು. ಪಕ್ಕದಲ್ಲಿ ಮಗಳು ನನ್ನನ್ನು ನೋಡಿ ನಗ್ತಿದ್ದಳು. ಅವಳಿಗೆ ಆ ಸೀಟು ಸರಿಯಾಗಿತ್ತು, ಹತ್ತು ವರ್ಷದ ಹುಡುಗಿ. ಕ್ರಿಸ್ಟಾದಲ್ಲಿ ಹೋದಾಗ ಪೂರ್ತಿ ಪ್ರವಾಸ ನಾನು ಮಕ್ಕಳ ಜೊತೆ ಕಡೆಯ ಸೀಟಿನಲ್ಲೇ ಕೂತು ಹೋಗಿದ್ದೆ, ನಿದ್ದೆಯನ್ನೂ ಮಾಡಿದ್ದೆ. ಹೆಂಡತಿಗೆ ಮಾತ್ರ ಹೊನ್ನಾವರ ಬಂದರೂ ಸ್ಟಿಯರಿಂಗ್ ಬಿಡೋ ಮನಸ್ಸಿರಲಿಲ್ಲ.

ಇನ್ನೊಂದು ಲೆಕ್ಕ ಜನ ಮರೀತಾರೆ. ಕ್ರಿಸ್ಟಾದಲ್ಲಿ ಎಂಟು ಸೀಟಿನದೂ ಸಿಗುತ್ತೆ, ಅಂದರೆ ಡ್ರೈವರ್ ಬಿಟ್ಟು ಏಳು ಮಂದಿ. ಫಾರ್ಚುನರಿಗೆ ಏಳೇ ಸೀಟು. ಡ್ರೈವರ್ ಇಟ್ಟುಕೊಂಡರೆ ಮನೆಯವರಲ್ಲಿ ಒಬ್ಬರು ಉಳೀಬೇಕು. ಲಗೇಜಿನ ಜಾಗ, ಕಡೆಯ ಸೀಟು ಮಡಚದೆ ಇಟ್ಟಾಗ, ಎರಡರಲ್ಲೂ ಅಷ್ಟಕ್ಕಷ್ಟೇ. ಆದರೆ ಬಾಡಿಗೆ ಕ್ರಿಸ್ಟಾದ ನೆತ್ತಿ ಮೇಲೆ ಕ್ಯಾರಿಯರ್ ಇತ್ತು, ಬ್ಯಾಗೆಲ್ಲ ಅಲ್ಲಿಟ್ಟು ತಾಡಪತ್ರಿ ಕಟ್ಟಿದರೆ ಮುಗೀತು. ಫಾರ್ಚುನರಿನ ಮಾಲೀಕ ಕ್ಯಾರಿಯರ್ ಮಾತೇ ಎತ್ತಬೇಡಿ ಅಂದಿದ್ದ. ಬ್ಯಾಗುಗಳು ಮಕ್ಕಳ ಕಾಲ ಕೆಳಗೆ ಹೋದವು.

ಗೋಕರ್ಣದ ಸಂದಿಗಳಲ್ಲಿ ತಿರುಗಿಸೋಕೂ ಕ್ರಿಸ್ಟಾನೇ ಹಗುರ. ಗೌರವ ಮಾತ್ರ ಫಾರ್ಚುನರಿಗೆ. ಒಂದು ಡಾಬಾದಲ್ಲಿ ಗಾಡಿ ನಿಲ್ಲಿಸಿದ್ದೇ ತಡ ಹುಡುಗ ಓಡಿ ಬಂದು, ಬಿಳಿ ಅಂಗಿ ಹಾಕಿದ್ದ ಕಾಕಾನಿಗೆ "ಸಾಹೇಬ್ರ, ಯಾವ ಪಾರ್ಟಿ?" ಅಂತ ಕೇಳಿದ. ಕಾಕಾ ಇವತ್ತಿಗೂ ಅದನ್ನು ಹೇಳಿಕೊಂಡು ಓಡಾಡ್ತಾನೆ.

ಈಗ ದುಡ್ಡು. ಮೊದಲು ಊರಲ್ಲೇ ಒಬ್ಬರು ವೈಟ್ ಬೋರ್ಡ್ ಫಾರ್ಚುನರ್ ಕಡಿಮೆಗೆ ಕೊಡ್ತೀನಿ ಅಂದರು. ಬೇಡ ಅಂದೆ. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಬಿಡೋದು ಕಾನೂನಿಗೆ ವಿರುದ್ಧ, ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ನಾವೇ ಓಡಿಸೋ ಬಾಡಿಗೆ ಗಾಡಿಗೆ ಕಪ್ಪು ನಂಬರ್ ಪ್ಲೇಟ್, ಹಳದಿ ಅಕ್ಷರ ಇರಬೇಕು. ಡ್ರೈವರ್ ಸಮೇತ ಬರೋದಕ್ಕೆ ಹಳದಿ ಪ್ಲೇಟ್, ಕಪ್ಪು ಅಕ್ಷರ. ಬುಕ್ ಮಾಡೋ ಮೊದಲು ಇದೊಂದು ನೋಡಿ. ಕಪ್ಪು ಪ್ಲೇಟಿನ ಫಾರ್ಚುನರ್ ಸಿಕ್ಕಿದ್ದು ಬೆಳಗಾವಿಯಲ್ಲಿ, ಅಲ್ಲೇ ಇರೋ ಹೆಂಡತಿಯ ತಮ್ಮ ತಂದುಕೊಟ್ಟ, ಆಮೇಲೆ ಅವನೇ ಮುಟ್ಟಿಸಿದ. ಅದಕ್ಕೇ 420 ಕಿಲೋಮೀಟರ್ ಹೋಯಿತು. ಪ್ರವಾಸ 1,240, ಒಟ್ಟು 1,660. ದಿನಕ್ಕೆ 8,500ರಂತೆ ಐದು ದಿನಕ್ಕೆ 42,500. ದಿನಕ್ಕೆ 300 ಕಿಲೋಮೀಟರ್ ಮಿತಿ, ಮೀರಿದ 160ಕ್ಕೆ 25 ರೂಪಾಯಿಯಂತೆ 4,000. ಡೀಸೆಲ್ ಬೇರೆ. ಟ್ಯಾಂಕ್ ತುಂಬಿಸಿ ತುಂಬಿಸಿ ಲೆಕ್ಕ ಹಾಕಿದೆ, ಲೀಟರಿಗೆ ಹತ್ತೂವರೆ ಕಿಲೋಮೀಟರ್ ಬಂತು, ಅದು 14,000 ನುಂಗಿತು. ಟ್ಯಾಂಕು 80 ಲೀಟರಿನದು, ಒಂದು ಸಲ ತುಂಬಿಸಿದರೆ ಪಂಪಿನ ನೆನಪೇ ಆಗಲ್ಲ. ಬಿಲ್ ನೋಡಿದಾಗ ಆಗುತ್ತೆ.

ಕ್ರಿಸ್ಟಾಕ್ಕೆ ಕೊಟ್ಟಿದ್ದು ಕಿಲೋಮೀಟರಿಗೆ 20, ಡೀಸೆಲ್ ಅವರದೇ. 1,240ಕ್ಕೆ 24,800, ಡ್ರೈವರ್ ಬತ್ತಾ ನಾಲ್ಕು ದಿನಕ್ಕೆ 2,000. ಒಟ್ಟು 26,800. ಫಾರ್ಚುನರಿಗೆ ಎಲ್ಲ ಸೇರಿ 60,500. ಟೋಲ್ ಎರಡಕ್ಕೂ ಬೇರೆ. ಅರ್ಧಕ್ಕಿಂತ ಕಡಿಮೆ ದುಡ್ಡಿನಲ್ಲಿ ನನಗೆ ಮಧ್ಯಾಹ್ನದ ನಿದ್ದೆ, ಎಲ್ಲಿ ಊಟ ಚೆನ್ನಾಗಿದೆ ಅಂತ ಗೊತ್ತಿರೋ ಡ್ರೈವರಣ್ಣ, ಎರಡೂ ಸಿಕ್ಕಿತ್ತು.

60,500 ಅಂದೆನಲ್ಲ, ಅದಕ್ಕೆ ಇನ್ನೂ 2,000 ಸೇರಿಸಿ. ಕೊಲ್ಹಾರದ ಗಡಿಗೆ ಮೊಸರು ತಗೊಳ್ಳದೆ ನಾವು ಆ ದಾರಿಯಲ್ಲಿ ವಾಪಸ್ ಬಂದಿದ್ದೇ ಇಲ್ಲ. ಕ್ರಿಸ್ಟಾದಲ್ಲಿ ಗಡಿಗೆಯನ್ನು ಚಿಗವ್ವ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದಳು, ಒಂದು ಹನಿ ಚೆಲ್ಲಿರಲಿಲ್ಲ. ಫಾರ್ಚುನರಿನಲ್ಲಿ ಕಡೆಯ ಸೀಟಿನ ಹತ್ತಿರ ಬ್ಯಾಗುಗಳ ನಡುವೆ ಇಟ್ಟೆವು. ಊರು ಬಂತು ಅನ್ನೋ ಖುಷಿಗೆ ನಾನು ಒಂದು ಹಂಪ್ ನೋಡಲೇ ಇಲ್ಲ. ತಪ್ಪು ನಂದೇ, ಗಾಡಿಯದಲ್ಲ. ರಾತ್ರಿ ಎಲ್ಲ ಒರೆಸಿದೆವು, ಬಾಗಿಲು ತೆಗೆದಿಟ್ಟೆವು, ಊದುಬತ್ತಿ ಹಚ್ಚಿದೆವು. ಗೀರು ಇಲ್ಲ ಅಂತ ತೋರಿಸೋಕೆ ಗಾಡಿ ತಗೊಳ್ಳುವಾಗಲೇ ಸುತ್ತಲೂ ವಿಡಿಯೋ ಮಾಡಿಟ್ಟುಕೊಂಡಿದ್ದೆ. ವಾಸನೆಗೆ ವಿಡಿಯೋ ಎಲ್ಲಿಂದ ತರೋದು? ಮಾಲೀಕ ಬಾಗಿಲು ತೆಗೆದು ಮೂಗು ಒಳಗೆ ಹಾಕಿದನಂತೆ, 15,000 ಡಿಪಾಸಿಟ್‌ನಲ್ಲಿ 13,000 ವಾಪಸ್ ಬಂತು.

ನೀವು ನಾಲ್ಕೇ ಮಂದಿ, ಎಲ್ಲರ ಮೊಣಕಾಲೂ ಗಟ್ಟಿ, ಓಡಿಸೋ ಹುಚ್ಚು ಇದೆ ಅಂದರೆ ಫಾರ್ಚುನರ್ ಒಂದು ಸಲ ತಗೊಳ್ಳಿ, ಕಡೆಯ ಸೀಟು ಮಡಚಿಟ್ಟು ಹೋಗಿ. ಅವ್ವನನ್ನು ಕೇಳಿದರೆ ಉತ್ತರ ಬೇರೆ. ಅವಳಿಗೆ ಬೇಕಾಗಿರೋದು ನಮ್ಮ ಕಡೆ ಮದುವೆ, ಜಾತ್ರೆಗೆಲ್ಲ ಹೋಗೋ ಕ್ರೂಸರ್: "ಅದರಾಗ ಹನ್ನೆರಡು ಮಂದಿ ಹಿಡೀತಾರ, ನಿಮ್ಮ ಅತ್ತಿನೂ ಬರ್ತಾಳ." ನಾನು ಕ್ರಿಸ್ಟಾದ ಡ್ರೈವರಣ್ಣನಿಗೆ ಫೋನ್ ಮಾಡಿದೆ. ಯುಗಾದಿ ತನಕ ಖಾಲಿ ಇಲ್ಲವಂತೆ.