ಸೋಡಿಯಂ ಲೈಟ್ ಹತ್ತಲಿಲ್ಲ ಅಂದಕೂಡಲೇ ‘ಬಲ್ಬ್ ಹೋಗೇತಿ’ ಅನ್ನುವವರಿಗೆ ದುಡ್ಡು ಕೊಡಬೇಡಿ

ರೈಸ್ ಮಿಲ್, ಗೋದಾಮು, ಜಿನ್ನಿಂಗ್ ಫ್ಯಾಕ್ಟರಿ, ಎಲ್ಲೇ ಆಗಲಿ, ಯಾರ್ಡಿನಲ್ಲಿ 250 ವ್ಯಾಟ್ ಸೋಡಿಯಂ ಲೈಟ್ ಇರುವವರು ಮೊದಲು ಇದನ್ನು ಓದಿ, ಆಮೇಲೆ ಕಾಂಟ್ರಾಕ್ಟರಿಗೆ ಫೋನ್ ಮಾಡಿ. ಗಂಗಾವತಿ ಕಡೆ ನಮ್ಮ ಮಿಲ್ಲಿನ ಯಾರ್ಡಿನಲ್ಲಿ ಆದದ್ದು. ಕೆಲಸ ಹಿಡಿದ ಕಾಂಟ್ರಾಕ್ಟರನ ಹೆಸರು ಹಾಕುತ್ತಿಲ್ಲ. ಮಾಡಿದ ಕೆಲಸ ಮಾತ್ರ ಪೂರ್ತಿ ಬರೆಯುತ್ತೇನೆ.

ಕಂಬ 9 ಮೀಟರ್. ಮೊದಲು ಚೋಕ್ (ಬಲ್ಬಿಗೆ ಹೋಗುವ ಕರೆಂಟ್ ಮಿತಿಯಲ್ಲಿಡುವ ಸುರುಳಿ), ಇಗ್ನೈಟರ್ (ಬಲ್ಬ್ ಹೊತ್ತಿಸಲು ಹೈ ವೋಲ್ಟೇಜಿನ ಹೊಡೆತ, ಅಂದರೆ ಪಲ್ಸ್, ಬಿಡುವ ಡಬ್ಬಿ), ಕಂಡೆನ್ಸರ್ ಎಲ್ಲ ಮೇಲೆ ಫಿಟ್ಟಿಂಗ್ ಒಳಗೇ ಇದ್ದವು. ಇವಕ್ಕೇ ಗೇರ್ ಅನ್ನುವುದು. “ಏಣಿ ಹಚ್ಚೋ ತ್ರಾಸು ತಪ್ಪತೈತ್ರಿ, ಗೇರ್ ಎಲ್ಲಾ ಕೆಳಗ ಬಾಕ್ಸಿನ್ಯಾಗ ಇಡ್ತೀನಿ” ಅಂದ. ಕಂಬದ ಬುಡಕ್ಕೆ ಬಾಕ್ಸ್ ಬಂತು, ಹೊಸ ಚೋಕ್, ಹೊಸ ಮೂರು ವೈರಿನ ಇಗ್ನೈಟರ್ ಬಂತು, ಮೇಲಕ್ಕೆ ಕೇಬಲ್ ಎಳೆದ. ಸ್ವಿಚ್ ಹಾಕಿದರೆ ಕಂಬದ ಲೈಟ್ ಒಂದೂ ಹತ್ತಲಿಲ್ಲ. ಗೋಡೆಗೆ ಹಾಕಿದ್ದ ಹಳೇ ಫಿಟ್ಟಿಂಗ್‌ಗಳು, ಆತ ಕೈ ಹಚ್ಚದೇ ಬಿಟ್ಟವು, ಎಲ್ಲಾ ಹತ್ತಿದವು. ಇದನ್ನು ನೆನಪಿಡಿ.

“ಬಲ್ಬ್ ಹೋಗ್ಯಾವ್ರಿ ಸರ, ಹಳೇವು.” ಹೊಸ ಬಲ್ಬ್ ಬಂದವು, ಆತನದೇ ಅಂಗಡಿಯಿಂದ. ಅವೂ ಹತ್ತಲಿಲ್ಲ. “ವೋಲ್ಟೇಜ್ ಇಲ್ರಿ.” ಮೀಟರ್ ಹಿಡಿದರೆ 228 ತೋರಿಸಿತು, ಅದೇ ಫೇಸಿನ ಗೋಡೆ ಲೈಟು ಆಗಲೂ ಉರಿಯುತ್ತಿತ್ತು. ಆಮೇಲೆ “ಚೋಕ್ ಲಾಟ್ ಸರಿ ಇಲ್ರಿ.” ಚೋಕೂ ಬದಲಾಯಿಸಿದ, ಅದನ್ನೂ ಬಿಲ್ಲಿಗೆ ಸೇರಿಸಿದ! ಬಾಕ್ಸಿಗೆ ಕಿವಿ ಕೊಟ್ಟರೆ ಇಗ್ನೈಟರ್ ಜಿರ್ರ್ ಅಂತ ಸದ್ದು ಮಾಡುತ್ತಲೇ ಇತ್ತು. ಮೂರು ವೈರಿನ ಇಗ್ನೈಟರಿಗೆ ಕರೆಂಟ್ ಬರುವುದೇ ಚೋಕ್ ಮೂಲಕ. ಆ ಸದ್ದು ಬರುತ್ತಿದೆ ಅಂದರೆ ಚೋಕ್ ಒಳಗೆ ವೈರ್ ಕಡಿದಿಲ್ಲ, ನ್ಯೂಟ್ರಲ್ ಬರುತ್ತಿದೆ, ಇಗ್ನೈಟರ್ ಪಲ್ಸ್ ಬಿಡುತ್ತಿದೆ. ಹಾಗಿರುವಾಗ ಚೋಕ್ ಯಾಕೆ ಬದಲಾಯಿಸಬೇಕು? ಈ ಪ್ರಶ್ನೆಗೆ ಇವತ್ತಿಗೂ ಉತ್ತರ ಬಂದಿಲ್ಲ.

ಆತ ‘ಹೋಗ್ಯಾವ’ ಅಂತ ತೆಗೆದ ಬಲ್ಬ್‌ಗಳು ಗೋಣಿಚೀಲದಲ್ಲಿ ಬಿದ್ದಿದ್ದವು. ಒಂದನ್ನು ಒರೆಸಿ ಗೋಡೆಯ ಫಿಟ್ಟಿಂಗಿಗೆ ಹಾಕಿದೆವು. ಮೊದಲು ಮಂಕು ಬಿಳಿ, ಆಮೇಲೆ ನಿಧಾನಕ್ಕೆ ಹಳದಿ, ಐದು ನಿಮಿಷದೊಳಗೆ ಪೂರ್ತಿ ಬೆಳಕು. ಎರಡನೆಯದು ಹಾಕಿದೆವು, ಅದೂ ಹತ್ತಿತು. ಚೀಲದಲ್ಲಿದ್ದವು ಅಷ್ಟೂ ಹತ್ತಿದವು. ಒಂದೂ ಹೋಗಿರಲಿಲ್ಲ! ಹಮಾಲರೆಲ್ಲ ಸುತ್ತ ನಿಂತು ನೋಡುತ್ತಿದ್ದರು, ಸಾಹುಕಾರರು ಕೈಯಲ್ಲಿ ಬಿಲ್ ಹಿಡಿದುಕೊಂಡು ನಿಂತಿದ್ದರು. ಆಗ ಆದ ಅವಮಾನ, ಸಿಟ್ಟು ಹೇಳತೀರದು.

ಕಾರಣ ಇಗ್ನೈಟರಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಗರಿಷ್ಠ ಲೋಡ್ ಕೆಪ್ಯಾಸಿಟೆನ್ಸ್ 100 ಪಿಕೋಫ್ಯಾರಡ್. ಕೆಪ್ಯಾಸಿಟೆನ್ಸ್ ಅಂದರೆ ವೈರ್ ತನ್ನೊಳಗೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣ, ಪಿಕೋಫ್ಯಾರಡ್ ಅದರ ಅಳತೆ. ಇಗ್ನೈಟರಿನಿಂದ ಬಲ್ಬಿಗೆ ಹೋಗುವ ಕೇಬಲ್ ಮೀಟರಿಗೆ ಸುಮಾರು 70ರಿಂದ 100 ಪಿಕೋಫ್ಯಾರಡ್ ಹಿಡಿಯುತ್ತದೆ. ಅಂದರೆ ಇಗ್ನೈಟರಿಗೂ ಬಲ್ಬಿಗೂ ನಡುವೆ ಒಂದು, ಒಂದೂವರೆ ಮೀಟರ್ ವೈರ್ ಮಾತ್ರ ಇರಬಹುದು. ಈತ 9 ಮೀಟರ್ ಕಂಬದ ಬುಡದಲ್ಲಿ ಇಟ್ಟ. 4,000 ವೋಲ್ಟಿನ ಆಸುಪಾಸು ಇರಬೇಕಾದ ಪಲ್ಸನ್ನು ದಾರಿಯಲ್ಲೇ ಕೇಬಲ್ ನುಂಗುತ್ತದೆ, ಬಲ್ಬಿಗೆ ಮುಟ್ಟುವ ಹೊತ್ತಿಗೆ ಕಿಡಿ ಹೊತ್ತಿಸುವಷ್ಟು ಉಳಿಯುವುದಿಲ್ಲ. ಬಂಗಾರದ ಬಲ್ಬ್ ಹಾಕಿದರೂ ಹತ್ತುವುದಿಲ್ಲ.

ಫೋನ್ ಮಾಡಿ ಹೇಳಿದ್ದಕ್ಕೆ ಬಂದ ಉತ್ತರ: “ಅದನ್ನೆಲ್ಲಾ ಯಾರು ಓದ್ತಾರ್ರಿ? ನಾ ಎಲ್ಲಾ ಕಡೆ ಹಿಂಗ ಮಾಡೀನಿ.” ಬಲ್ಬ್ ವಾಪಸ್ ತಗೋ ಅಂದರೆ, “ಡಬ್ಬಿ ಒಡೆದ ಮ್ಯಾಲ ವಾಪಸ್ ಇಲ್ರಿ.” ಡಬ್ಬಿ ಒಡೆದವನೇ ಆತ! ಬೇರೆ ಕಡೆ ಹತ್ತಿದ್ದರೆ ಅಲ್ಲಿ ಟ್ಯಾಪ್ (ಸುರುಳಿಯ ನಡುವಿನಿಂದ ತೆಗೆದ ವೈರ್) ಇರುವ ಚೋಕ್, ಅದಕ್ಕೆ ಜೋಡಿಯಾದ ಪಲ್ಸ್ ಇಗ್ನೈಟರ್ ಇದ್ದಿರಬೇಕು. ಅಂಥವು 1,000 ಪಿಕೋಫ್ಯಾರಡ್, ಅದಕ್ಕೂ ಮೇಲೆ ತಡೆಯುತ್ತವೆ, ಕೆಳಗಿಟ್ಟರೂ ನಡೆಯುತ್ತದೆ. ಮೂರು ವೈರಿನ ಬಿಡಿ ಇಗ್ನೈಟರ್ ಹಾಗಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವನು ಗೇರ್ ಬಾಕ್ಸ್ ಕೆಲಸ ಯಾಕೆ ಹಿಡಿಯಬೇಕು?

ಇನ್ನೊಂದು ಅನಾಹುತ. ಬಲ್ಬ್ ಹತ್ತದೇ ಇದ್ದರೂ “ಸ್ವಿಚ್ ಹಾಂಗ ಇರಲಿ, ತಂಡಿ ಬಿಟ್ಟ ಮ್ಯಾಲ ಹತ್ತತಾವ” ಅಂತ ಹೇಳಿ ಹೋದ. ಟೈಮರ್ ಇಲ್ಲದ ಇಗ್ನೈಟರ್ ರಾತ್ರಿಯಿಡೀ ಪಲ್ಸ್ ಹೊಡೆಯುತ್ತಲೇ ಇರುತ್ತದೆ. ಇಗ್ನೈಟರ್ ತಾನೂ ಸಾಯುತ್ತದೆ, ಹೋಲ್ಡರ್ ಕರಕಾಗುತ್ತದೆ, ಮಾಮೂಲಿ ಪಿವಿಸಿ ಕೇಬಲಿನ ಇನ್ಸುಲೇಷನ್ ಹಾಳಾಗುತ್ತದೆ. ಹತ್ತದ ಲೈಟಿನ ಸ್ವಿಚ್ ಆಫ್ ಮಾಡಿಯೇ ಇಡಿ.

ಯಾರೇ ‘ಬಲ್ಬ್ ಹೋಗೇತಿ’ ಅಂದರೂ ಮೊದಲು ಅದನ್ನು ಉರಿಯುತ್ತಿರುವ ಅದೇ ವ್ಯಾಟಿನ ಫಿಟ್ಟಿಂಗಿಗೆ ಹಾಕಿಸಿ, ಅಲ್ಲಿಯ ಬಲ್ಬನ್ನು ಹತ್ತದ ಕಡೆ ಹಾಕಿಸಿ, ನಿಮ್ಮ ಕಣ್ಣೆದುರೇ. ಬಿಸಿ ಬಲ್ಬ್ ತಕ್ಷಣ ಹತ್ತುವುದಿಲ್ಲ, ತಣ್ಣಗಾಗಲು ಬಿಡಿ. ನಿಜವಾಗಿ ಮುಗಿದ ಸೋಡಿಯಂ ಬಲ್ಬ್ ಸಾಮಾನ್ಯವಾಗಿ ಬೇರೆ ಥರ ಆಡುತ್ತದೆ: ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಆರುತ್ತದೆ, ಮತ್ತೆ ಹತ್ತುತ್ತದೆ. ಇಗ್ನೈಟರಿನ ಜಿರ್ರ್ ಸದ್ದೇ ಇಲ್ಲದಿದ್ದರೆ ಇಗ್ನೈಟರ್, ಚೋಕ್, ನ್ಯೂಟ್ರಲ್ ನೋಡಿಸಿ. ಚೋಕನ್ನು ಲೈನ್ ಬಿಡಿಸಿ ಓಮ್ಸ್‌ನಲ್ಲಿ ನೋಡಿದರೆ ಕೆಲವೇ ಓಮ್ ತೋರಿಸಬೇಕು. ಫೇಸ್, ನ್ಯೂಟ್ರಲ್ ನಡುವೆ ಜೋಡಿಸಿದ ಕಂಡೆನ್ಸರ್ ಹಾಳಾಗಿ ಓಪನ್ ಆದರೂ (ಒಳಗೆ ಸಂಪರ್ಕ ಕಡಿದರೂ) ಲೈಟ್ ಹತ್ತುತ್ತದೆ, ಎಳೆಯುವ ಆಂಪ್ಸ್ ಮಾತ್ರ ಏರುತ್ತದೆ. ಹಾಗಾಗಿ ಹತ್ತದಿರುವುದಕ್ಕೆ ‘ಕಂಡೆನ್ಸರ್ ಓಪನ್ ಆಗೇತಿ’ ಅಂದರೆ ನಂಬಬೇಡಿ. ಹೋಲ್ಡರಿನಲ್ಲಿ ವೋಲ್ಟೇಜ್ ನೋಡುವ ಮೊದಲು ಇಗ್ನೈಟರ್ ಬಿಡಿಸಲೇಬೇಕು, ಇಲ್ಲದಿದ್ದರೆ ಪಲ್ಸಿಗೆ ಮೀಟರ್ ಸುಡುತ್ತದೆ, ಕೈಗೂ ಅಪಾಯ.

ಉಳಿದ ಬಾಕಿ ಕೊಟ್ಟಿಲ್ಲ. ಇಗ್ನೈಟರ್‌ಗಳನ್ನು ಬಲ್ಬಿನ ಪಕ್ಕಕ್ಕೆ ಏರಿಸಿ, ಹೊಸ ಬಲ್ಬಿನ ಹಾಗೂ ಎರಡನೇ ಚೋಕಿನ ದುಡ್ಡು ಬಿಲ್ಲಿನಿಂದ ತೆಗೆಯುವ ತನಕ ಕೊಡುವುದೂ ಇಲ್ಲ. “ಹುಡುಗನ್ನ ಕಳಸ್ತೀನ್ರಿ” ಅಂದಿದ್ದಾನೆ, ಇನ್ನೂ ಯಾರೂ ಬಂದಿಲ್ಲ.