ಸೇಂಟ್ ಹೆಲೆನ್ಸ್: ಸೇತುವೆಯ ದಾರಿಯೋ, ಸರೋವರದ ದಾರಿಯೋ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಅಗ್ನಿಪರ್ವತಕ್ಕೆ ಒಂದೇ ದಿನ ಇದೆಯಾ? ಪಶ್ಚಿಮದ 504ನೇ ಹೆದ್ದಾರಿ ಹಿಡಿಯಿರಿ. 1980ರ ಮೇ 18ರ ಸ್ಫೋಟದಲ್ಲಿ ಹಳೇ ರಸ್ತೆ ಹಾಳಾಯಿತು. ಹೊಸದನ್ನು ಕಣಿವೆ ಬಿಟ್ಟು ಗುಡ್ಡದ ಮೇಲೆ ಹಾಕಿದ್ದಾರೆ. ಅದಕ್ಕೇ ಹಾಫ್‌ಸ್ಟಾಟ್ ಕ್ರೀಕ್ ಸೇತುವೆ 370 ಅಡಿ ಎತ್ತರ! ಸುಮ್ನೆ ದಾಟಿಬಿಟ್ಟರೆ ಗೊತ್ತೇ ಆಗುವುದಿಲ್ಲ. ದಾಟಿದ ಮೇಲೆ ಕಾರು ನಿಲ್ಲಿಸಿ ಹಿಂತಿರುಗಿ ನೋಡಿ, ಕೆಳಗಿನ ಮರಗಳು ಕೊತ್ತಂಬರಿ ಕಟ್ಟಿನಂತೆ ಕಾಣುತ್ತವೆ. 2023ರಲ್ಲಿ ಇದೇ ರಸ್ತೆಯಲ್ಲಿ ಮುಂದಿನ ಇನ್ನೊಂದು ಸೇತುವೆ ಮಣ್ಣು ಕುಸಿದು ಕೊಚ್ಚಿಹೋಯಿತು. ಕೊನೆತನಕ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿ.

ಪೂರ್ವದಲ್ಲಿರುವ ವಿಂಡಿ ರಿಡ್ಜ್ ಎಂಬ ವೀಕ್ಷಣಾ ಸ್ಥಳದ ದಾರಿಯಲ್ಲಿ ತಿರುವು ಜಾಸ್ತಿ, ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಬಂದ್. ಆದರೆ ಸ್ಪಿರಿಟ್ ಸರೋವರದಲ್ಲಿ 1980ರ ಸ್ಫೋಟದಲ್ಲಿ ಉರುಳಿದ ಮರದ ದಿಮ್ಮಿಗಳು ಇನ್ನೂ ತೇಲುತ್ತಿವೆ, ಅದು ಇಲ್ಲಿಂದಲೇ ಚೆನ್ನ. ಕಾರಿನಲ್ಲಿ ಮಕ್ಕಳಿಗೆ ವಾಂತಿಯಾಗುತ್ತದಾ? ಸೇತುವೆಯ ದಾರಿಯೇ ವಾಸಿ.