ವರ್ಷದ ಮೇಲೆ ಆನ್‌ಲೈನ್ ಥೆರಪಿ: ಒಳ್ಳೆಯ ಥೆರಪಿಸ್ಟ್ ಸಿಕ್ಕರು, ಕೂತು ಮಾತಾಡಲು ಜಾಗ ಸಿಗಲಿಲ್ಲ

‘ನಿಮ್ಮ ಮನೆಯಲ್ಲೇ, ನಿಮಗೆ ಹಿತವೆನಿಸುವ ಮೂಲೆಯಲ್ಲಿ ಕೂತು ಮನಬಿಚ್ಚಿ ಮಾತಾಡಿ’ ಅಂತ ನಾನು ಥೆರಪಿಗೆ ಬಳಸುವ ಆ್ಯಪ್ ತೆರೆದ ಕೂಡಲೇ ಬರುತ್ತದೆ. ಜೊತೆಗೊಂದು ಚಿತ್ರ: ಸೋಫಾ ಮೇಲೆ ಕಾಲು ಮಡಚಿ ಕೂತ ಹುಡುಗಿ, ಪಕ್ಕದಲ್ಲಿ ಹಸಿರು ಗಿಡ. ವರ್ಷಕ್ಕೂ ಹೆಚ್ಚು ಕಾಲ ಬಳಸಿದ ಮೇಲೆ ನನ್ನ ದೊಡ್ಡ ತಕರಾರು ಇರುವುದು ಆ ಒಂದು ಸಾಲಿನ ಮೇಲೆ. ನಾಗರಭಾವಿಯ ನಮ್ಮ ಎರಡು ರೂಮಿನ ಮನೆಯಲ್ಲಿ ಅತ್ತೆ, ಮಾವ, ನಮ್ಮ ಯಜಮಾನರು, ಮಗಳು, ನಾನು. ಸಂಜೆ ಏಳೂವರೆಗೆ ಹಾಲ್‌ನಲ್ಲಿ ಧಾರಾವಾಹಿ ಓಡುತ್ತಿರುತ್ತದೆ, ಒಂದು ರೂಮಿನಲ್ಲಿ ಮಗಳ ಹೋಂವರ್ಕ್, ಇನ್ನೊಂದರಲ್ಲಿ ಮಾವ ಸೊಂಟನೋವಿಗೆ ಎಣ್ಣೆ ಹಚ್ಚಿಕೊಂಡು ಮಲಗಿರುತ್ತಾರೆ. ನನ್ನ ಮೂಲೆ ಅಂತ ಇರುವುದು ಅಡುಗೆಮನೆ. ಅದಕ್ಕೆ ಬಾಗಿಲಿಲ್ಲ.

ಥೆರಪಿ ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ. ಪೀಣ್ಯದ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಪ್ರತಿ ತಿಂಗಳು 14ಕ್ಕೆ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ, ಅಂದರೆ ನಮಗೆ ಮಾಲು ಮಾರಿದವರು ತೋರಿಸಿದ ತೆರಿಗೆಯ ಪಟ್ಟಿ ಬರುತ್ತದೆ, ಅದನ್ನು ನಮ್ಮ ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ನೋಡಿ 20ರೊಳಗೆ 3ಬಿ ಅನ್ನುವ ತಿಂಗಳ ರಿಟರ್ನ್ ಫೈಲ್ ಮಾಡಬೇಕು. ಒಂದು ಸಲ, ಖರೀದಿಯ ಮೇಲೆ ಕಟ್ಟಿದ ತೆರಿಗೆಗೆ ಸಿಗುವ ದೊಡ್ಡ ಮೊತ್ತದ ಇನ್‌ಪುಟ್ ಕ್ರೆಡಿಟ್ ತಾಳೆಯಾಗದೆ ಇದ್ದುದನ್ನು ಹಿಡಿದವಳು ನಾನು. ಮೀಟಿಂಗ್‌ನಲ್ಲಿ ಅದನ್ನು ಎತ್ತಲು ಬಾಯಿಯೇ ಬರಲಿಲ್ಲ. ಪಕ್ಕದಲ್ಲಿದ್ದ, ನನಗಿಂತ ಎಷ್ಟೋ ಚಿಕ್ಕ ಹುಡುಗ, ನನ್ನ ಶೀಟನ್ನೇ ನೋಡಿ ಇಂಗ್ಲಿಷ್‌ನಲ್ಲಿ ಹೇಳಿ ಮುಗಿಸಿದ. ಶಹಬ್ಬಾಸ್‌ಗಿರಿ ಅವನಿಗೆ ಹೋಯಿತು. ಮನೆಗೆ ಬಂದು ಅನ್ನ ಬಸಿಯುವಾಗಲೂ ತಲೆಯಲ್ಲಿ ಒಂದೇ: ನಾನು ದಡ್ಡಿ, ನನ್ನ ಮಾತಿಗೆ ಏನು ಬೆಲೆ. ಇದು ಒಂದು ದಿನದ್ದಲ್ಲ, ಹೈಸ್ಕೂಲಿನಿಂದ ಬಂದದ್ದು. ಮನೆಯಲ್ಲಿ ಅಕ್ಕನ ಮಾರ್ಕ್ಸ್ ಕಾರ್ಡ್ ನನ್ನದರ ಪಕ್ಕದಲ್ಲೇ ಇಟ್ಟು ನೋಡುತ್ತಿದ್ದರು.

ನೇರವಾಗಿ ಹೋಗಿ ಯಾರನ್ನಾದರೂ ಕಾಣೋಣ ಅಂದರೆ, ವಿಚಾರಿಸಿದ ಜಾಗಗಳೆಲ್ಲ ಇಂದಿರಾನಗರ, ಕೋರಮಂಗಲದ ಕಡೆ. ಪೀಣ್ಯದಲ್ಲಿ ಆರಕ್ಕೆ ಕೆಲಸ ಬಿಟ್ಟು ಕೋರಮಂಗಲಕ್ಕೆ ಹೋಗಿ ನಾಗರಭಾವಿಗೆ ವಾಪಸ್ ಬರುವುದನ್ನು ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನವರದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ, ಆ ಕಡೆ ಇರುವವರು ಮೊದಲು ಅಲ್ಲಿ ವಿಚಾರಿಸಿ. ನನಗೆ ಕೆಲಸದ ದಿನ ರಜೆ ಹಾಕದೆ ಆಗುವಂಥದ್ದು ಬೇಕಿತ್ತು, ಹಾಗಾಗಿ ಆನ್‌ಲೈನ್.

ಆ್ಯಪ್‌ನಲ್ಲಿ ಭಾಷೆ ಆರಿಸುವ ಜಾಗದಲ್ಲಿ ಕನ್ನಡ ಅಂತ ಒತ್ತಿದರೆ ಉದ್ದ ಪಟ್ಟಿ ಬರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಮೊದಲು ಸಿಕ್ಕವರು ಒಳ್ಳೆಯವರೇ, ಆದರೆ ‘ಹೇಗಿದ್ದೀರಾ’ ದಾಟಿದ ಮೇಲೆ ಎಲ್ಲ ಇಂಗ್ಲಿಷ್. ಇಂಗ್ಲಿಷ್‌ನಲ್ಲಿ ಮಾತಾಡಲು ಹೆದರುವ ಕಷ್ಟವನ್ನು ಇಂಗ್ಲಿಷ್‌ನಲ್ಲೇ ಹೇಳಬೇಕಾಯಿತು. ಆಮೇಲೆ ಸಿಕ್ಕವರು ತಮ್ಮನ್ನು ಕೋಚ್ ಅಂತ ಕರೆದುಕೊಳ್ಳುತ್ತಿದ್ದರು. ದಿನಾ ಕನ್ನಡಿ ಮುಂದೆ ನಿಂತು ‘ನಾನು ಶಕ್ತಿವಂತೆ’ ಅಂತ ಹೇಳಿಕೊಳ್ಳಿ ಅಂದರು. ಹೇಳಿಕೊಂಡಷ್ಟೂ ಒಳಗಿನಿಂದ ಇನ್ನೊಂದು ದನಿ ಸುಳ್ಳು, ಸುಳ್ಳು ಅನ್ನುತ್ತಿತ್ತು.

ಹೊಸಬರಿಗೆ ಇಲ್ಲೊಂದು ಮಾತು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಇರಬೇಕು. ಅವರಿಗೊಂದು ಸಿಆರ್‌ಆರ್ ನಂಬರ್ ಇರುತ್ತದೆ, ಅದನ್ನು ಕೇಳಿ ಪಡೆದು ಆರ್‌ಸಿಐ ವೆಬ್‌ಸೈಟ್‌ನಲ್ಲಿ ಹಾಕಿ ನೋಡಬಹುದು. ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂಎಸ್‌ಸಿ ಮಾಡಿದ ಎಷ್ಟೋ ಒಳ್ಳೆಯವರ ಬಳಿ ಈ ನಂಬರ್ ಇರುವುದಿಲ್ಲ, ಅದು ತಪ್ಪೂ ಅಲ್ಲ. ಆದರೆ ಎಲ್ಲಿ ಓದಿದಿರಿ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಕಲಿತಿರಿ ಅಂತ ಕೇಳುವ ಹಕ್ಕು ನಮಗಿದೆ. ಈಗಿನ ನನ್ನ ಮೇಡಂ ಕೇಳಿದ ತಕ್ಷಣ ನಂಬರ್ ಕೊಟ್ಟರು. ‘ಕೇಳಿದ್ದು ಒಳ್ಳೇದಾಯ್ತು, ಎಲ್ಲರೂ ಕೇಳ್ಬೇಕು’ ಅಂದರು. ಅಪ್ಪಟ ಹಾಸನದ ಕಡೆ ಕನ್ನಡ. ನನಗೆ ಅರ್ಧ ಧೈರ್ಯ ಅಲ್ಲೇ ಬಂತು.

ಶುರುವಿನಲ್ಲೇ ಅವರು ಹತ್ತು ವಾಕ್ಯಗಳ ಒಂದು ಪಟ್ಟಿ ಕೊಟ್ಟರು. ಮಾರಿಸ್ ರೋಸೆನ್‌ಬರ್ಗ್ ಅನ್ನುವ ಅಮೆರಿಕದ ಸಮಾಜವಿಜ್ಞಾನಿ 1965ರಲ್ಲಿ ಮಾಡಿದ್ದು, ಈಗಲೂ ಜಗತ್ತಿನೆಲ್ಲೆಡೆ ಬಳಸುತ್ತಾರೆ. ತನ್ನ ಬಗ್ಗೆ ತಾನು ಏನಂದುಕೊಂಡಿದ್ದೇನೆ ಅನ್ನುವ ಮಾತುಗಳಿಗೆ ಪೂರ್ತಿ ಒಪ್ಪುತ್ತೇನೆ ಅನ್ನುವುದರಿಂದ ಖಂಡಿತ ಒಪ್ಪಲ್ಲ ಅನ್ನುವವರೆಗೆ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಒಟ್ಟು 30 ಅಂಕ, 15ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ಸಾಮಾನ್ಯವಾಗಿ ಲೆಕ್ಕ. ನನ್ನದು 11 ಬಂತು. ಇದು ರೋಗದ ರಿಪೋರ್ಟ್ ಅಲ್ಲ, ಎಲ್ಲಿಂದ ಹೊರಟಿದ್ದೀವಿ ಅಂತ ನೋಡೋಕೆ ಅಷ್ಟೇ ಅಂದರು.

ಆಮೇಲೆ ಶುರುವಾಯಿತು ನೋಟ್‌ಬುಕ್ಕು. ಈ ಇಡೀ ಸೇವೆಯಲ್ಲಿ ನಾನು ಅಂದುಕೊಂಡಿರದೆ ಸಿಕ್ಕ ಸಂತೋಷ ಅದು. ಆ್ಯಪ್‌ನಲ್ಲಿ ಬಣ್ಣಬಣ್ಣದ ಮೂಡ್ ಟ್ರ್ಯಾಕರ್ ಇದೆ, ಅದನ್ನು ನಾನು ಮುಟ್ಟುವುದಿಲ್ಲ. ಮಗಳ ಶಾಲೆಗೆ ತಂದು ಉಳಿದಿದ್ದ ಒಂದು ಲಾಂಗ್ ನೋಟ್‌ಬುಕ್ ತೆಗೆದು, ಸ್ಕೇಲ್ ಇಟ್ಟು ಕಾಲಂ ಹೊಡೆದೆ: ಏನಾಯಿತು, ತಲೆಗೆ ಏನು ಬಂತು, ಅದಕ್ಕೆ ಆಧಾರ ಏನು, ಅದರ ವಿರುದ್ಧ ಆಧಾರ ಏನು, ಈಗ ಏನನ್ನಿಸುತ್ತದೆ. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅನ್ನುತ್ತಾರಲ್ಲ, ತಲೆಗೆ ಬರುವ ಯೋಚನೆ ನಿಜವೇ ಅಂತ ಪರೀಕ್ಷಿಸಿ ನೋಡಲು ಕಲಿಸುವುದು, 1960ರ ದಶಕದಲ್ಲಿ ಏರನ್ ಬೆಕ್ ಅನ್ನುವ ಮನೋವೈದ್ಯರು ರೂಪಿಸಿದ ಪದ್ಧತಿ, ಅದರದ್ದೇ ಕೆಲಸ ಇದು. ನನಗೆ ಅದನ್ನು ಮೇಡಂ ಹೇಳಿಕೊಟ್ಟ ರೀತಿ ಬೇರೆ. ‘ವೋಚರ್ ಇಲ್ಲದೆ ನೀವು ಎಂಟ್ರಿ ಹಾಕ್ತೀರಾ?’ ಅಂದರು. ಇಲ್ಲ ಅಂದೆ. ‘ಹಾಗಾದ್ರೆ ನಾನು ದಡ್ಡಿ ಅನ್ನೋ ಎಂಟ್ರಿಗೆ ವೋಚರ್ ತೋರ್ಸಿ.’

ಬೆಳಿಗ್ಗೆ ಡಬ್ಬಿಗಳನ್ನು ತುಂಬಿಟ್ಟು, ಕುಕ್ಕರ್ ಆರುವ ಹೊತ್ತಿಗೆ ಕಾಫಿ ಲೋಟ ಹಿಡಿದು ಅಡುಗೆಮನೆ ಕಟ್ಟೆಯ ಮೇಲೇ ಬರೆಯುತ್ತೇನೆ. ಹಿಂದಿನ ದಿನದ್ದು ಒಂದೇ ಎಂಟ್ರಿ, ಜಾಸ್ತಿ ಬೇಡ ಅಂತ ಅವರೇ ಹೇಳಿದ್ದಾರೆ. ಹಾಳೆಗಳ ಮೇಲೆ ಅಲ್ಲಲ್ಲಿ ಎಣ್ಣೆ ಕಲೆ, ಒಂದು ಪುಟದಲ್ಲಿ ಹುಳಿಪುಡಿ ಚೆಲ್ಲಿ ಅರಿಶಿನದ ಗೆರೆ ಹಾಗೇ ಉಳಿದಿದೆ. ವಿರುದ್ಧ ಆಧಾರದ ಕಾಲಂ ಮೊದಮೊದಲು ಖಾಲಿ ಇರುತ್ತಿತ್ತು. ಈಗ ಅಲ್ಲಿ ‘ಆಡಿಟರ್ ನನ್ನನ್ನೇ ಕರೆದು ಕೇಳಿದರು’, ‘ಟಿಡಿಎಸ್ ಚಲನ್ ತಪ್ಪು ಹಿಡಿದದ್ದು ನಾನೇ’ ಅಂತೆಲ್ಲ ನನ್ನದೇ ಕೈಬರಹದಲ್ಲಿದೆ. ಓದಿದಾಗ ಖುಷಿಯಾಗುತ್ತದೆ.

ಇಷ್ಟು ಒಳ್ಳೆಯದು ಹೇಳಿದ ಮೇಲೆ ತಕರಾರಿಗೆ ಬರುತ್ತೇನೆ. ಸೆಷನ್ನಿಗೆ ಕೂರುವುದು ಎಲ್ಲಿ?

ಮನೆಯೊಳಗೆ ಪ್ರಯತ್ನಪಟ್ಟೆ. ರೂಮಿನ ಬಾಗಿಲು ಹಾಕಿಕೊಂಡ ಐದೇ ನಿಮಿಷಕ್ಕೆ ‘ಯಾರ ಹತ್ರ ಮಾತಾಡ್ತಿದೀಯಮ್ಮ?’ ಅಂತ ಅತ್ತೆ. ಆಫೀಸ್ ಕಾಲ್ ಅತ್ತೆ ಅಂದೆ. ಆಮೇಲೆ ಮಾತಿನ ಮಧ್ಯೆ ಮನೆಯವರ ಹೆಸರು ಎತ್ತುವಂತಿಲ್ಲ, ಅಳುವಂತಿಲ್ಲ, ಮೂಗು ಏರಿಸುವಂತೆಯೂ ಇಲ್ಲ. ಟೆರೇಸಿಗೆ ಹೋದೆ. ಸಿಂಟೆಕ್ಸ್ ಟ್ಯಾಂಕಿನ ಹಿಂದೆ ಸಿಮೆಂಟ್ ಕಟ್ಟೆ ಇದೆ, ಗಾಳಿಯೂ ಚೆನ್ನಾಗಿದೆ. ಆದರೆ ಮೋಟರ್ ಹಾಕಿದರೆ ಏನೂ ಕೇಳಿಸುವುದಿಲ್ಲ, ಪಕ್ಕದ ಮನೆಯವರು ಬಟ್ಟೆ ತೆಗೆಯಲು ಬಂದು ಕಾಂಪೌಂಡ್ ಮೇಲಿಂದಲೇ ‘ಊಟ ಆಯ್ತಾ?’ ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ.

ಕೊನೆಗೆ ಕಾರು. ನಮ್ಮ ಹಳೆಯ ವ್ಯಾಗನ್‌ಆರ್ ಅನ್ನು ಪಾರ್ಕ್ ಪಕ್ಕದ ರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ ನಿಲ್ಲಿಸುತ್ತೇನೆ. ಕಿಟಕಿ ಎರಡು ಬೆರಳು ಇಳಿಸಿ, ಫೋನನ್ನು ಸ್ಟಿಯರಿಂಗ್ ಹಿಂದೆ ಒರಗಿಸಿ, ವೈರ್ ಇರುವ ಇಯರ್‌ಫೋನ್ ಹಾಕಿ, ನೋಟ್‌ಬುಕ್ ತೊಡೆ ಮೇಲಿಟ್ಟುಕೊಂಡು ಕೂರುತ್ತೇನೆ. ಬೇಸಿಗೆಯಲ್ಲಿ ಗಾಜು ಏರಿಸಿದರೆ ಬೆವರು, ಇಳಿಸಿದರೆ ಸೊಳ್ಳೆ. ಒಮ್ಮೆ ವಾಚ್‌ಮನ್ ಗಾಜು ತಟ್ಟಿ ‘ಏನಾಯ್ತು ಮೇಡಂ, ಅಳ್ತಿದ್ದೀರಲ್ಲ, ಯಾರನ್ನಾದ್ರೂ ಕರೀಲಾ?’ ಅಂದರು. ಪಾಪ, ಕಾಳಜಿಯಿಂದಲೇ ಕೇಳಿದರು. ಅಷ್ಟರಲ್ಲಿ ಹೇಳಲು ಹೊರಟಿದ್ದ ಮಾತು ಗಂಟಲಲ್ಲೇ ಉಳಿಯಿತು.

ಆ್ಯಪ್‌ನ ಸಹಾಯ ವಿಭಾಗಕ್ಕೆ ಬರೆದೆ. ವಿಡಿಯೋ ನಡೆಯುವಾಗಲೇ ಟೈಪ್ ಮಾಡುವ ಅವಕಾಶ ಕೊಡಿ, ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದು ಕಳಿಸುತ್ತೇವೆ ಅಂತ. ನಿಶ್ಶಬ್ದವಾದ ಜಾಗ ಆರಿಸಿಕೊಳ್ಳಿ ಅನ್ನುವ ಸಿದ್ಧ ಉತ್ತರ ಬಂತು. ನನಗೆ ನಿಜವಾಗಿ ಕೋಪ ಬಂದದ್ದು ಆಗ. ಇವರ ಗೌಪ್ಯತಾ ನೀತಿ ಪುಟಗಟ್ಟಲೆ ಇದೆ. ಅದು ಬೇಕು, ಖಂಡಿತ ಬೇಕು. ಅಮೆರಿಕದಲ್ಲಿ ಬೆಟರ್‌ಹೆಲ್ಪ್ ಅನ್ನುವ ದೊಡ್ಡ ಆನ್‌ಲೈನ್ ಥೆರಪಿ ಕಂಪನಿ ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್‌ನಂಥವರಿಗೆ ಹಂಚಿಕೊಂಡಿತು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತು. ಆದ್ದರಿಂದ ಸೈನ್ ಅಪ್ ಮಾಡುವಾಗ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವ ಮೊದಲು ಎಲ್ಲರೂ ಯೋಚಿಸಬೇಕು. ಆದರೆ ಸರ್ವರ್‌ನಲ್ಲಿರುವ ನನ್ನ ಮಾತಿಗೆ ಇಷ್ಟು ಬೀಗ ಹಾಕಿದವರು, ತೆಳು ಗೋಡೆಯಾಚೆ ಕೇಳಿಸುವ ನನ್ನ ಮಾತಿನ ಬಗ್ಗೆ ಒಂದು ಸಾಲೂ ಬರೆದಿಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೆಂಗಸರಿಗೆ ಅಂತ ಒಂದು ಬಾಗಿಲಿರುವ ರೂಮಿದೆ?

ಮೇಡಂ ಮಾತ್ರ ಇದನ್ನು ಬೇರೆಯೇ ರೀತಿ ತೆಗೆದುಕೊಂಡರು. ಮನೆಯಿಂದ ಮಾತಾಡಿದ ದಿನವೆಲ್ಲ ನನ್ನ ದನಿ ಸಣ್ಣದಾಗುವುದನ್ನು ಗಮನಿಸಿದ್ದರು. ಮೀಟಿಂಗ್‌ನಲ್ಲೂ ಹೀಗೇ ಆಗುತ್ತಾ ಅಂತ ಕೇಳಿದರು. ಹೌದು, ಥೇಟ್ ಹೀಗೇ. ಹಾಗಾದರೆ ಆಫೀಸಿಗಿಂತ ಮೊದಲು ಮನೆಯಲ್ಲಿ ಒಂದು ಪ್ರಯೋಗ ಮಾಡೋಣ ಅಂದರು. ಅತ್ತೆಗೆ ನಿಜ ಹೇಳಿ, ಸೆಷನ್ನಿಗೆ ಐವತ್ತು ನಿಮಿಷ ಮನೆ ಬಿಟ್ಟುಕೊಡಿ ಅಂತ ಕೇಳುವುದು, ಅವರು ಏನನ್ನಬಹುದು ಅಂತ ಮೊದಲೇ ಬರೆದಿಡುವುದು. ‘ನಿನಗೇನು ಹುಚ್ಚಾ, ನಾವೇನು ಕಡಿಮೆ ಮಾಡಿದೀವಿ’ ಅಂತ ಬರೆದಿಟ್ಟೆ. ಭಾನುವಾರ ಸೊಪ್ಪು ಬಿಡಿಸುತ್ತಾ ಕೂತಾಗ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಡಾಕ್ಟ್ರಾ? ಎಷ್ಟು ತಗೋತಾರೆ?’ ಅಂದರು. ಹೇಳಿದೆ. ಜಾಸ್ತಿಯಾಯ್ತು ಅಂದರು. ಆದರೆ ನನ್ನ ಸೆಷನ್ ಇರುವ ಗುರುವಾರ ಸಂಜೆ ಮಗಳನ್ನೂ ಮಾವನನ್ನೂ ಕರೆದುಕೊಂಡು ರಾಯರ ಮಠಕ್ಕೆ ಹೊರಟರು. ಮಳೆ ಬಂದರೆ ಹೋಗುವುದಿಲ್ಲ, ಹಬ್ಬ ಹುಣ್ಣಿಮೆಯಲ್ಲಿ ಆಗುವುದಿಲ್ಲ, ಆಗ ನಾನು ಮತ್ತೆ ಕಾರಿಗೆ. ಆದರೂ ಎಷ್ಟೋ ಗುರುವಾರ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿ ಆಫ್ ಮಾಡಿ, ಜೋರಾಗಿ ಮಾತಾಡಿದ್ದೇನೆ.

ಆಫೀಸಿನಲ್ಲೂ ಬದಲಾವಣೆ ಇದೆ. ಹೋದ ತ್ರೈಮಾಸಿಕದ ಮೀಟಿಂಗ್‌ನಲ್ಲಿ ನನ್ನ ಶೀಟನ್ನು ನಾನೇ ತೆರೆದು, ಅರ್ಧ ಕನ್ನಡ ಅರ್ಧ ಇಂಗ್ಲಿಷ್‌ನಲ್ಲಿ ಪೂರ್ತಿ ವಿವರಿಸಿದೆ. ಮ್ಯಾನೇಜರ್ ಮಧ್ಯೆ ಎರಡು ಪ್ರಶ್ನೆ ಕೇಳಿದರು, ಎರಡಕ್ಕೂ ಉತ್ತರ ಇತ್ತು. ರೋಸೆನ್‌ಬರ್ಗ್ ಪಟ್ಟಿಯಲ್ಲಿ ಈಗ 18.

ದುಡ್ಡಿನ ವಿಷಯ. ನಾನು ಕೊಡುವುದು ಒಂದು ಸೆಷನ್ನಿಗೆ 1,300 ರೂಪಾಯಿ. ನನ್ನ ಸಂಬಳಕ್ಕೆ ವಾರ ವಾರ ಕಷ್ಟ, ಆದ್ದರಿಂದ ಮೊದಲ ಕೆಲವು ತಿಂಗಳಾದ ಮೇಲೆ ಹದಿನೈದು ದಿನಕ್ಕೊಮ್ಮೆ ಮಾಡಿಕೊಂಡೆ. ಮಾನಸಿಕ ಆರೋಗ್ಯ ಕಾಯ್ದೆ 2017ರ ಪ್ರಕಾರ ದೇಹದ ಕಾಯಿಲೆಗೆ ಇರುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ನಮ್ಮ ಆಫೀಸಿನ ಪಾಲಿಸಿ ಆಸ್ಪತ್ರೆಗೆ ಸೇರಿದರೆ ಮಾತ್ರ, ಇಂಥ ಕೌನ್ಸೆಲಿಂಗ್ ಬಿಲ್ ಅದರಲ್ಲಿ ಬರುವುದಿಲ್ಲ. ದುಡ್ಡು ಹೊಂದಿಸಲಾಗದವರಿಗೆ, ರಾತ್ರಿ ಹೊತ್ತು ತುಂಬಾ ಸಂಕಟವಾದವರಿಗೆ ಸರ್ಕಾರದ ಟೆಲಿ ಮಾನಸ್ ಇದೆ, 14416. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ಜೀವ ಬೇಡ ಅನ್ನಿಸುವ ಹೊತ್ತಿನಲ್ಲಿ ಈ ಥರದ ಆ್ಯಪ್‌ನಲ್ಲಿ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅಲ್ಲಿಗೆ ಫೋನ್ ಮಾಡಿ.

ಸ್ಟಾರ್ ಕೊಡುವುದಾದರೆ ಥೆರಪಿಸ್ಟ್‌ಗೆ ಐದಕ್ಕೆ ಐದು, ಆ್ಯಪ್‌ಗೆ ಎರಡೂವರೆ. ಮೇಡಂ ಇರುವವರೆಗೆ ನಾನು ಮುಂದುವರಿಸುತ್ತೇನೆ. ನೀವು ಹೊಸದಾಗಿ ಸೇರುವವರಾದರೆ, ಅದರಲ್ಲೂ ತುಂಬಿದ ಮನೆಯಲ್ಲಿರುವವರಾದರೆ, ನಾಲ್ಕು ಸೆಷನ್ನಿನ ಪ್ಯಾಕ್ ಮೊದಲೇ ಕೊಳ್ಳಬೇಡಿ. ಅದಕ್ಕೆ 45 ದಿನದ ಗಡುವಿದೆ, ಜಾಗ ಸಿಗದೆ ಮುಂದೂಡುತ್ತಾ ಹೋದರೆ ಉಳಿದ ಹಣ ವಾಪಸ್ ಕೊಡುವುದಿಲ್ಲ. ಒಂದೇ ಒಂದು ಸೆಷನ್ನಿಗೆ ಕಟ್ಟಿ, ಕನ್ನಡದಲ್ಲಿ ಪೂರ್ತಿ ಮಾತಾಡುತ್ತಾರಾ ಅಂತ ಬುಕ್ ಮಾಡುವ ಮೊದಲೇ ಮೆಸೇಜ್ ಹಾಕಿ ಕೇಳಿ, ಗುರುವಾರ ಸಂಜೆ ಏಳೂವರೆಯ ಸ್ಲಾಟ್ ಒಂದು ಬಿಟ್ಟು ಬೇರೆ ಯಾವುದಾದರೂ ನೋಡಿ.